ಮಾವನ ಮನೆಯ ಮೇನ್ ಸ್ಟ್ಯಾಂಡ್

ನಾನು ಈಗ ಹೇಳಲಿರುವುದರಲ್ಲಿ ಒಂದೇ ಒಂದು ಮಾತು ಸುಳ್ಳಾದರೂ, ಅಗೋ ಅಲ್ಲಿ ಮೆಕ್ಯಾನಿಕ್ಕು ಬಿಚ್ಚಿ ಹಳೇ ಪೇಪರಿನ ಮೇಲೆ ಹರಡಿಕೊಂಡಿದ್ದಾನಲ್ಲ ನನ್ನ ಗಾಡಿಯ ಕಾರ್ಬುರೇಟರು, ಅದು ಮತ್ತೆ ಕೂಡಿಕೊಳ್ಳದೇ ಹೋಗಲಿ. ಇಷ್ಟು ದೊಡ್ಡ ಆಣೆಯನ್ನು ನಾನು ಹೆಂಡತಿಯ ಮುಂದೆಯೂ ಇಟ್ಟವನಲ್ಲ. ನೀವು ಕೇಳಿದಿರಿ ಅಂತ ಹೇಳುತ್ತಿದ್ದೇನೆ. ಹೇಗೂ ನಿಮ್ಮ ಗಾಡಿಯ ಆಯಿಲ್ ಬದಲಿಸುವವರೆಗೆ ನೀವೂ ಈ ಬೆಂಚಿನ ಮೇಲೆ ಕೂರಬೇಕು, ನಾನೂ ಕೂರಬೇಕು. "ನಿಮ್ಮ ಗಾಡೀಲಿ ಬರೀ ಸೈಡ್ ಸ್ಟ್ಯಾಂಡ್ ಇದೆ, ಮೇನ್ ಸ್ಟ್ಯಾಂಡ್ ಎಲ್ಲಿ ಹೋಯ್ತು?" ಅಂದಿರಲ್ಲ, ಅದು ಎಲ್ಲಿಗೂ ಹೋಗಿಲ್ಲ. ನನ್ನ ಮಾವನ ಮನೆಯ ನೆಲದಲ್ಲಿ ನೆಟ್ಟಗೆ ನಿಂತಿದೆ. ಬೇಕಾದರೆ ನೀವೇ ಹೋಗಿ ನೋಡಬಹುದು. ಬಾಗಿಲಿಗೆ ಚಿಲಕ ಇಲ್ಲ.

ನನ್ನ ಮಾವ ತಕ್ಕಡಿ ರಿಪೇರಿ ಮಾಡುವವರು. ಅಂಗಡಿಯ ತಕ್ಕಡಿ, ಗುಜರಿಯ ತಕ್ಕಡಿ, ಮೂಟೆ ತೂಗುವ ತಕ್ಕಡಿ, ಯಾವುದೇ ಇರಲಿ, ಅದರ ಮುಳ್ಳನ್ನು ನಡುಗೆರೆಗೆ ತಂದು ನಿಲ್ಲಿಸುವುದು ಅವರ ಕಸುಬು. ಹಾಗಾಗಿ ವಾಲಿಕೊಂಡಿರುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಗೋಡೆ ಗಡಿಯಾರ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಊಟದ ನಡುವೆ ಎದ್ದು ಸರಿಮಾಡುತ್ತಾರೆ. ಒಂದು ಸಲ ಮನೆಗೆ ಬಂದ ನೆಂಟರೊಬ್ಬರು ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ಒರಗಿ ಕೂತಿದ್ದರು. ಮಾವ ಅವರ ಜೊತೆ ಮಾತಾಡುತ್ತಾ ಮಾತಾಡುತ್ತಾ ಬಗ್ಗಿ, ಆ ಪಕ್ಕದ ಕುರ್ಚಿಕಾಲಿನ ಕೆಳಗೆ ರಟ್ಟಿನ ಚೂರು ತೂರಿಸಿದರು. ನೆಂಟರಿಗೆ ಗೊತ್ತೇ ಆಗಲಿಲ್ಲ. ಆದರೆ ಅವತ್ತಿನಿಂದ ಆ ಮನುಷ್ಯನ ವ್ಯಾಪಾರವೂ ನೆಟ್ಟಗಾಯಿತು ಅಂತ ಮಾವ ಇವತ್ತಿಗೂ ನಂಬಿದ್ದಾರೆ.

ಮದುವೆಗೆ ಮುಂಚೆ ನಾನು ಮೊದಲ ಸಲ ಅವರ ಮನೆಗೆ ಹೋದಾಗ, ಅವರು ನನ್ನ ಮುಖ ನೋಡಲಿಲ್ಲ. ಕಿಟಕಿಯಿಂದ ಗಾಡಿ ನೋಡಿದರು.

"ಯಾರದಪ್ಪಾ ಅದು, ಕುಡಿದವನ ಥರ ವಾಲ್ಕೊಂಡು ನಿಂತಿರೋದು?"

"ನಂದೇ ಸಾರ್. ಸೈಡ್ ಸ್ಟ್ಯಾಂಡ್ ಹಾಕಿದೀನಿ."

"ಸೈಡ್ ಸ್ಟ್ಯಾಂಡ್ ಹಾಕೋನು ಯಾವಾಗ್ಲೂ ಹೊರಡೋ ಯೋಚನೇಲೇ ಇರ್ತಾನೆ. ಮೇನ್ ಸ್ಟ್ಯಾಂಡ್ ಹಾಕೋನು ನೆಲೆ ನಿಲ್ತಾನೆ. ನೀವು ಯಾವ ಪೈಕಿ?"

ಒಳಗಿನಿಂದ ಹುಡುಗಿ ಬಗ್ಗಿ ನೋಡುತ್ತಿದ್ದಳು. ನಾನು ಹೊರಗೆ ಹೋಗಿ ಮೇನ್ ಸ್ಟ್ಯಾಂಡ್ ಹಾಕಿ ಬಂದೆ. ಮದುವೆ ಆಯಿತು. ಬೇರೆ ಮನೆ ಸಿಗುವವರೆಗೆ ಇಲ್ಲೇ ಇರಿ ಅಂದರು. ಇದ್ದೆವು. ಬೇರೆ ಮನೆ ಸಿಗುವವರೆಗೆ ಅಂದರೆ ಬೇರೆ ಮನೆ ಹುಡುಕಲು ಹೋಗಬೇಕಲ್ಲ? ಆ ಮನೆಯಿಂದ ಹೊರಗೆ ಹೋಗುವುದೇ ದೊಡ್ಡ ಕಥೆ. ನಮ್ಮ ಬೀದಿಯವರು ನನ್ನ ಹೆಸರನ್ನೇ ಮರೆತರು. ಎದುರುಮನೆ ದರ್ಜಿಯೂ ಅಳಿಯಂದ್ರೇ ಅನ್ನುತ್ತಿದ್ದ, ಪೇಪರ್ ಹಾಕುವವನೂ ಅಳಿಯಂದ್ರೇ ಅನ್ನುತ್ತಿದ್ದ. ನಾನು ಬೀದಿಗೆಲ್ಲ ಅಳಿಯ.

ಮನೆ ಹೇಗಿತ್ತು ಅನ್ನುವುದನ್ನು ಇಲ್ಲಿ ಹೇಳದಿದ್ದರೆ ಮುಂದಿನದನ್ನು ನೀವು ಬುರುಡೆ ಅನ್ನುತ್ತೀರಿ. ಅದು ಸಾಲುಮನೆ. ಎಡಕ್ಕೂ ಬಲಕ್ಕೂ ಹಿಂದಕ್ಕೂ ಬೇರೆಯವರ ಗೋಡೆ. ಬೀದಿಗೆ ಒಂದೇ ಬಾಗಿಲು, ಅದರ ಪಕ್ಕ ನಮ್ಮ ಕೋಣೆಯ ಕಿಟಕಿ, ಕಿಟಕಿಗೆ ಕಬ್ಬಿಣದ ಸರಳು. ಬೀದಿಬಾಗಿಲು ಒಳಕ್ಕೆ ತೆರೆಯುತ್ತದೆ. ತೆರೆದರೆ ಒಂದು ಗಾಡಿಯಷ್ಟು ಉದ್ದದ ಇಕ್ಕಟ್ಟಾದ ಪ್ಯಾಸೇಜು. ಅದು ಮುಗಿದರೆ ನಡುಬಾಗಿಲು, ಆಮೇಲೆ ಹಜಾರ.

ಬೀದಿ ಇಳಿಜಾರಾದ್ದರಿಂದ ಸಂಜೆ ಗಾಡಿಯನ್ನು ಒಳಗೆ ತರಬೇಕು. ಮೂತಿ ಮುಂದಾಗಿ ನೂಕಿಕೊಂಡು ಬಂದು ಸೈಡ್ ಸ್ಟ್ಯಾಂಡ್ ಹಾಕಿದರೆ, ಮುಂದಿನ ಚಕ್ರ ನಡುಬಾಗಿಲು ದಾಟಿ ಹಜಾರದೊಳಗೆ ಇಣುಕುತ್ತದೆ. ನಾವು ಊಟಕ್ಕೆ ಕೂತರೆ ಅದೂ ಪಂಕ್ತಿಯಲ್ಲಿ ಕೂತ ಹಾಗಿರುತ್ತದೆ. ಮೇನ್ ಸ್ಟ್ಯಾಂಡ್ ಹಾಕಿದರೆ ಏನಾಗುತ್ತದೆ ಅಂತ ಗಾಡಿ ಇಟ್ಟುಕೊಂಡವರಿಗೆ ಗೊತ್ತು. ಸ್ಟ್ಯಾಂಡ್ ಮೆಟ್ಟಿ ಎಳೆದರೆ ಗಾಡಿ ಒಂದು ಗೇಣು ಹಿಂದಕ್ಕೆ ಬಂದು ಮೇಲೇರಿ ಕೂರುತ್ತದೆ. ಹಜಾರ ಖಾಲಿ, ಗಾಡಿ ನೆಟ್ಟಗೆ, ಮಾವನಿಗೆ ನೆಮ್ಮದಿ. ಆದರೆ ಹಿಂದಿನ ಮಡ್‌ಗಾರ್ಡು ಸೀದಾ ಬೀದಿಬಾಗಿಲಿಗೆ ಅಂಟಿಕೊಂಡು ನಿಂತು, ಬಾಗಿಲು ಒಳಕ್ಕೆ ಒಂದು ಬೆರಳಷ್ಟೂ ತೆರೆಯುವುದಿಲ್ಲ.

ಇದು ತೊಂದರೆ ಅಂತ ನಿಮಗೂ ನನಗೂ ಅನ್ನಿಸುತ್ತದೆ. ಮಾವನಿಗೆ ಇದು ವರವಾಗಿ ಕಂಡಿತು. ಒಂದು ದಿನ ಬೀದಿಬಾಗಿಲಿನ ಚಿಲಕ ತುಕ್ಕು ಹಿಡಿದು ಕಿತ್ತುಬಂತು. ಅತ್ತೆ, "ಬಡಗಿನ ಕರೀರಿ" ಅಂದರು.

"ಬಡಗಿ ಯಾಕೆ? ಅಳಿಯಂದ್ರು ಇದಾರಲ್ಲ," ಅಂದರು ಮಾವ.

ಅವತ್ತಿನಿಂದ ನಾನೇ ಆ ಮನೆಯ ಚಿಲಕ. ನಾನು ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಸಾಗಿಸುವವನು, ಹಗಲೆಲ್ಲ ಗಾಡಿಯ ಮೇಲೆ ಊರು ತಿರುಗುವವನು. ಸಂಜೆ ಬಂದು ಮೇನ್ ಸ್ಟ್ಯಾಂಡ್ ಮೆಟ್ಟಿದೆ ಅಂದರೆ ಮನೆಗೆ ಚಿಲಕ ಬಿತ್ತು. ಬೆಳಿಗ್ಗೆ ನಡುಬಾಗಿಲು ತೆಗೆದು, ಗಾಡಿಯನ್ನು ಮುಂದಕ್ಕೆ ನೂಕಿ ಸ್ಟ್ಯಾಂಡಿನಿಂದ ಇಳಿಸಿದರೆ ಚಿಲಕ ತೆರೆಯಿತು. ಮಾವನಿಗೆ ಮಂಡಿನೋವು. ಹೆಂಡತಿಗೆ ಗಾಡಿಯ ಭಾರ ಆಗದು. ಅತ್ತೆಯನ್ನು ಯಾರೂ ಕೇಳಿರಲಿಲ್ಲ. ನನಗೆ ಜ್ವರ ಬಂದರೆ ಮನೆಮಂದಿಗೆಲ್ಲ ರಜೆ. ಒಂದು ಭಾನುವಾರ ನಾನು ಮಧ್ಯಾಹ್ನದವರೆಗೆ ಮಲಗಿದ್ದಕ್ಕೆ, ಬಾಗಿಲು ಬಡಿದೂ ಬಡಿದೂ ಸಾಕಾದ ನೆಂಟರು ಕಿಟಕಿಯ ಸರಳಿನ ನಡುವೆಯೇ ಹಣ್ಣು ಕೊಟ್ಟು, ಯೋಗಕ್ಷೇಮ ವಿಚಾರಿಸಿ, ಟೀ ಕುಡಿದು ಹೋದರು. ಜೈಲಿನವರನ್ನು ನೋಡಲು ಬಂದ ಹಾಗಿತ್ತು ಅಂತ ಬೀದಿಯವರು ಹೇಳಿದರು. ಬಂದವರು ಒಳಗಿದ್ದಾರೋ ನಾವು ಒಳಗಿದ್ದೇವೋ ಅಂತ ನನಗೇ ಗೊತ್ತಾಗಲಿಲ್ಲ.

"ರೀ, ಹೀಗೇ ಎಷ್ಟು ದಿನ?" ಅಂತ ಹೆಂಡತಿ ಕೇಳಿದಳು.

"ಬೇರೆ ಮನೆ ಸಿಗೋವರೆಗೆ."

"ಹುಡುಕೋದು ಯಾರು?"

"ಹುಡುಕೋಕೆ ಸಂಜೆ ಹೊರಗೆ ಹೋಗ್ಬೇಕು ಕಣೇ. ಸಂಜೆ ನಾನು ಬಾಗಿಲಿಗೆ ಬಿದ್ದಿರ್ತೀನಿ."

ಕೊನೆಗೆ ಬ್ರೆಡ್ಡಿನ ದಾರಿಯಲ್ಲೇ ಮನೆ ಸಿಕ್ಕಿತು. ಊರಿನ ಇನ್ನೊಂದು ತುದಿಯಲ್ಲಿ ಇಸ್ತ್ರಿ ಅಂಗಡಿ, ಅದರ ಮೇಲೆ ಎರಡು ಕೋಣೆ. ಇಸ್ತ್ರಿ ಯಜಮಾನ ಒಂದೇ ಮಾತಿನ ಮನುಷ್ಯ. "ಭಾನುವಾರ ಹನ್ನೊಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಬಂದು ಬೀಗದ ಕೈ ತಗೊಳ್ಳಿ. ಬರಲಿಲ್ಲ ಅಂದ್ರೆ ಹನ್ನೊಂದೂ ಐದಕ್ಕೆ ಇನ್ನೊಬ್ಬರಿಗೆ ಕೊಡ್ತೀನಿ. ಕ್ಯೂ ಇದೆ." ನಿಜವಾಗಿಯೂ ಇತ್ತು. ನಾನು ಮೆಟ್ಟಿಲು ಇಳಿಯುವಾಗ ಮೂರು ಜನ ಹತ್ತುತ್ತಿದ್ದರು.

ಶನಿವಾರ ಊಟಕ್ಕೆ ಕೂತಾಗ ವಿಷಯ ಹೇಳಿದೆವು. ಹೆಂಡತಿ ಶುರು ಮಾಡಿದಳು, ನಾನು ಮುಗಿಸಿದೆ. ಅತ್ತೆ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತರು. ಮಾವ ಉಪ್ಪಿನ ಡಬ್ಬಿಯನ್ನು ಚೂರು ಬಲಕ್ಕೆ ಸರಿಸಿದರು, ಆಮೇಲೆ ಚೂರು ಎಡಕ್ಕೆ ಸರಿಸಿದರು.

"ಒಳ್ಳೇದು," ಅಂದರು.

ನನ್ನ ಎದೆ ಹಗುರಾಯಿತು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ ಅಂತ ಹೆಂಡತಿಗೆ ಹೇಳಿ ನಿಶ್ಚಿಂತೆಯಾಗಿ ಮಲಗಿದೆ.

ಬೆಳಿಗ್ಗೆ ಎದ್ದು, ನಡುಬಾಗಿಲು ತೆಗೆದು, ಹ್ಯಾಂಡಲು ಹಿಡಿದು ಮುಂದಕ್ಕೆ ನೂಕಿದೆ. ಗಾಡಿ ಅಲ್ಲಾಡಲಿಲ್ಲ. ಇನ್ನೊಂದು ಸಲ ನೂಕಿದೆ. ಮೂರನೇ ಸಲ ಗಾಡಿಯ ಬದಲು ನನ್ನ ಸೊಂಟ ಅಲ್ಲಾಡಿತು. ಬಗ್ಗಿ ನೋಡುತ್ತೇನೆ, ಮೇನ್ ಸ್ಟ್ಯಾಂಡಿನ ಎರಡೂ ಪಾದಗಳು ನೆಲದಲ್ಲಿ ಹೂತುಹೋಗಿವೆ. ಸುತ್ತ ಸಿಮೆಂಟು. ಎಷ್ಟು ಚೆನ್ನಾಗಿ ನಯ ಮಾಡಿದ್ದಾರೆ ಅಂದರೆ, ಗಾಡಿ ಆ ನೆಲದಿಂದಲೇ ಮೊಳೆತು ಬೆಳೆದ ಹಾಗಿತ್ತು.

"ಮಾವ!"

ಮಾವ ಹಜಾರದಲ್ಲಿ ಪೇಪರ್ ಓದುತ್ತಿದ್ದರು. ಕನ್ನಡಕದ ಮೇಲಿನಿಂದ ನೋಡಿದರು.

"ಏನಳಿಯಂದ್ರೆ?"

"ಇದೇನಿದು ಮಾವ, ಸಿಮೆಂಟು?"

"ಓ, ಅದಾ? ಎಡಗಾಲಿನ ಕೆಳಗೆ ಟೈಲು ಕುಸಿದಿತ್ತು. ಗಾಡಿ ಅರ್ಧ ನೂಲು ವಾಲಿತ್ತು. ಸಮ ಮಾಡಿದೆ."

"ಸಮ ಮಾಡೋಕೆ ಕಾಲು ಹೂಳಬೇಕಾ?"

"ಅರ್ಧಂಬರ್ಧ ಕೆಲಸ ನನಗೆ ಆಗಲ್ಲ."

"ಇಷ್ಟು ದಿನ ಕುಸೀದೇ ಇದ್ದ ಟೈಲು ನಿನ್ನೆ ನಾವು ಮನೆ ಸಿಕ್ತು ಅಂದ್ಮೇಲೆ ಕುಸೀತಾ ಅಪ್ಪಾ?" ಅಂದಳು ಹೆಂಡತಿ, ಹಿಂದೆ ನಿಂತು.

"ಟೈಲಿಗೇನಮ್ಮ ಗೊತ್ತು ನಿಮ್ಮ ಮನೆ ವಿಷಯ?" ಅಂದರು ಮಾವ, ಪೇಪರಿನ ಹಾಳೆ ತಿರುವಿ.

ಅದು ಗೋದಾಮುಗಳಲ್ಲಿ ದೊಡ್ಡ ತಕ್ಕಡಿ ಕೂರಿಸಲು ಅವರು ಬಳಸುವ ಸಿಮೆಂಟು. ಬೇಗ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ, ಸ್ವಲ್ಪ ಅವರ ಸ್ವಭಾವವೇ. ಮಾವನಿಗೆ ಒಂದೇ ಒಂದು ವಿಷಯ ಹೊಳೆದಿರಲಿಲ್ಲ. ಗಾಡಿ ಇಳಿಯದಿದ್ದರೆ ಬಾಗಿಲು ತೆರೆಯದು, ಬಾಗಿಲು ತೆರೆಯದಿದ್ದರೆ ನಾವಿಬ್ಬರೇ ಅಲ್ಲ, ಅವರೂ ಒಳಗೇ. ಅದನ್ನು ಹೇಳಿದಾಗ ಅವರು ಪೇಪರು ಮಡಿಸಿ ಸ್ವಲ್ಪ ಯೋಚಿಸಿದರು.

"ಭಾನುವಾರ ತಾನೆ? ಎಲ್ಲಿಗೆ ಹೋಗೋದಿದೆ?"

ಹತ್ತು ಗಂಟೆ ಹೊಡೆಯಿತು. ಇಸ್ತ್ರಿ ಯಜಮಾನನಿಗೆ ಫೋನ್ ಮಾಡಿದೆ.

"ಸಾರ್, ಚೂರು ತಡ ಆಗ್ಬೋದು. ಗಾಡಿ ಸ್ಟ್ಯಾಂಡಿಂದ ಇಳೀತಿಲ್ಲ."

"ನೆಪಗಳನ್ನ ನಾನೂ ಬೇಕಾದಷ್ಟು ಕೇಳಿದೀನಿ. ಇದು ಹೊಸದು," ಅಂದ ಆತ. "ಅಂದ್ರೆ ಮೇನ್ ಸ್ಟ್ಯಾಂಡ್ ಹಾಕಿದೀರಾ?"

"ಹೌದು ಸಾರ್."

"ಮೊದಲಿದ್ದ ಆಸಾಮಿ ಮೇನ್ ಸ್ಟ್ಯಾಂಡ್ ಮೆಟ್ಟೀ ಮೆಟ್ಟೀ ನನ್ನ ಹೊಸ ಟೈಲ್ಸ್ ಎಲ್ಲ ಪುಡಿ ಮಾಡಿದ. ನಮ್ಮಲ್ಲಿ ಸೈಡ್ ಸ್ಟ್ಯಾಂಡ್ ಮಾತ್ರ, ತಿಳೀತಾ? ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಇಲ್ಲಿ ಇನ್ನೊಬ್ಬರು ಕೂತೇ ಇದಾರೆ."

ಸಾರ್, ನನ್ನ ಕಣ್ಣಲ್ಲಿ ನೀರು ಬಂತು. ಸೈಡ್ ಸ್ಟ್ಯಾಂಡ್ ಮಾತ್ರ! ಇಡೀ ಪ್ರಪಂಚದಲ್ಲಿ ನನಗಾಗಿಯೇ ಕಟ್ಟಿದ ಮನೆ ಅದು. ನಾನು ಇತ್ತ ಕಡೆ ಸಿಮೆಂಟಿನಲ್ಲಿ ನಿಂತಿದ್ದೇನೆ.

"ಹನ್ನೊಂದಕ್ಕೆ ಬಂದೇ ಬರ್ತೀವಿ ಸಾರ್," ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ಗೊತ್ತಿಲ್ಲ.

ಕಿಟಕಿಯ ಹತ್ತಿರ ಹೋಗಿ ಎದುರುಮನೆ ದರ್ಜಿಯನ್ನು ಕೂಗಿದೆ. ಆತ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದ. ವಿಷಯ ಕೇಳಿ ಅವನ ಮುಖ ಹಬ್ಬದ ಹಾಗೆ ಅರಳಿತು.

"ಬಾಗಿಲಿನ ಕೀಲು ಬಿಚ್ಚಿ ಅಳಿಯಂದ್ರೇ."

"ಕೀಲಿನ ಸ್ಕ್ರೂ ಕಾಣ್ತಿಲ್ಲ. ಮಾವ ಪ್ರತಿ ಸಲ ಬಾಗಿಲಿಗೆ ಬಣ್ಣ ಹೊಡೆವಾಗ ಅದಕ್ಕೂ ಹೊಡೆದಿದಾರೆ."

"ಬಾಗಿಲನ್ನೇ ಒಡೆದರೆ?"

"ಯಾರಪ್ಪ ಅದು ನನ್ನ ಬಾಗಿಲು ಒಡೆಯೋನು?" ಅಂತ ಒಳಗಿನಿಂದ ಮಾವನ ಧ್ವನಿ.

ದರ್ಜಿ ಸರಳಿನ ನಡುವೆ ಟೇಪು ಹಿಡಿದು ಅಳೆದ, ಆಮೇಲೆ ನನ್ನ ಹೊಟ್ಟೆ ನೋಡಿದ, ಟೇಪು ಸುತ್ತಿಟ್ಟುಕೊಂಡ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಷ್ಟರಮಟ್ಟಿಗೆ ಮರ್ಯಾದಸ್ಥ.

ಉಳಿದಿದ್ದು ಒಂದೇ ದಾರಿ. ಸ್ಟ್ಯಾಂಡು ನೆಲವನ್ನು ಬಿಡದಿದ್ದರೆ, ಗಾಡಿ ಸ್ಟ್ಯಾಂಡನ್ನು ಬಿಡಬೇಕು. ಮೇನ್ ಸ್ಟ್ಯಾಂಡನ್ನು ಗಾಡಿಗೆ ಹಿಡಿದಿಟ್ಟಿರುವುದು ಒಂದು ಸರಳು, ಸರಳಿನ ತುದಿಗೊಂದು ಪಿನ್ನು, ಜೊತೆಗೆ ಒಂದು ಸ್ಪ್ರಿಂಗು. ಅಷ್ಟೇ. ಆದರೆ ಬರಿಗೈಲಿ ಬಿಚ್ಚಲಾಗದು. ನನ್ನ ಸಾಮಾನು ಗಾಡಿಯ ಬಲಗಡೆ ಪೆಟ್ಟಿಗೆಯಲ್ಲಿ, ಬಲಗಡೆ ಗೋಡೆಗೆ ಒತ್ತಿಕೊಂಡಿದೆ. ಮನೆಯಲ್ಲಿ ಬೇರೆ ಸಾಮಾನು ಅಂದರೆ ಮಾವನ ಹಸಿರು ಪೆಟ್ಟಿಗೆ. ಅದನ್ನು ಅವರು ಯಾರಿಗೂ ಮುಟ್ಟಗೊಡುವುದಿಲ್ಲ.

"ಮಾವ, ಒಂದು ಕಟಿಂಗ್ ಪ್ಲೇಯರ್ ಕೊಡಿ."

"ಅದು ತಕ್ಕಡಿ ಸಾಮಾನು. ಗಾಡಿಗೆ ಮುಟ್ಟಿಸಿದ್ರೆ ಅಳತೆ ಕೆಡುತ್ತೆ."

"ಪ್ಲೇಯರಿಗೆ ಎಂಥ ಅಳತೆ ಮಾವ?"

"ನಿಮಗೆ ಕಾಣಲ್ಲ. ತಕ್ಕಡಿಗೆ ಕಾಣುತ್ತೆ."

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ನನ್ನ ಹೆಂಡತಿ ಸೀದಾ ಹೋಗಿ ಅಪ್ಪನ ಎದುರು ನಿಂತಳು. ಅವಳ ಕೈಯಲ್ಲಿ ಕಟ್ಟಿದ ಬಟ್ಟೆಗಂಟು.

"ಅಪ್ಪಾ, ಒಂದು ಮಾತು ಕೇಳ್ತೀನಿ. ನಿನಗೆ ಬೇಕಾಗಿರೋದು ನಾವಾ, ಚಿಲಕನಾ?"

ಮಾವ ಬಹಳ ಹೊತ್ತು ಯೋಚಿಸಿದರು. ತೂಕದ ಕೆಲಸದವರು, ಯೋಚಿಸದೆ ಉತ್ತರ ಕೊಡುವುದಿಲ್ಲ.

"ಎರಡರಲ್ಲಿ ಒಂದೇ ಅಂತ ಯಾಕೆ ಕೇಳ್ತೀಯಾ?" ಅಂದರು.

"ಒಂದೇ ಅಂದ್ರೆ?"

ಮಾವ ಬಾಗಿಲ ಕಡೆ ನೋಡಿದರು. ಮಗಳ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.  ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಮಾವನ ಮೇಲೆ ಕನಿಕರ ಬಂತು. ಮುಳ್ಳು ಯಾವ ಕಡೆಗೂ ಹೋಗಲಾರದೆ ನಡುಗುತ್ತಿತ್ತು.

ಆಗ ಅಡುಗೆಮನೆಯಿಂದ ಅತ್ತೆ ಬಂದರು.

ನನ್ನ ಅತ್ತೆಯದು ಮಾತು ಕಡಿಮೆ. ಅವರು ಏನಾದರೂ ಬೇಕು ಅನ್ನುವುದನ್ನು ನಾನು ಕೇಳಿದ್ದೇ ಇಲ್ಲ. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾವನ ಮಂಚದ ಕೆಳಗೆ ಬಗ್ಗಿ, ಆ ಹಸಿರು ಪೆಟ್ಟಿಗೆಯನ್ನು ಎಳೆದು, ಹಜಾರದ ನಡುವೆ ತಂದು, ತಲೆಕೆಳಗು ಮಾಡಿದರು. ಇಕ್ಕಳ, ಸ್ಪ್ಯಾನರು, ಪುಟ್ಟ ಪುಟ್ಟ ತೂಕಗಳು ಚೆಲ್ಲಾಪಿಲ್ಲಿಯಾಗಿ ಉರುಳಿದವು.

"ಅಳಿಯಂದಿರೆ, ಬೇಕಾದ್ದು ಆರಿಸ್ಕೊಳ್ಳಿ."

"ಲೇ, ಲೇ, ಏನ್ ಮಾಡ್ತಿದೀಯಾ?" ಅಂತ ಮಾವ ಎದ್ದೇಬಿಟ್ಟರು. ಮಂಡಿನೋವು ಎಲ್ಲಿ ಹೋಯಿತೋ.

"ನಮ್ಮಕ್ಕನ ಮನೆ ಎರಡು ಬೀದಿ ಆಚೆ," ಅಂದರು ಅತ್ತೆ. ಧ್ವನಿ ಏರಿಸಲಿಲ್ಲ. "ಹಗಲೆಲ್ಲ ನನಗೆ ಕೆಲಸ, ಅವಳಿಗೂ ಕೆಲಸ. ಬಿಡುವಾಗೋದು ಸಂಜೆ. ಸಂಜೆ ಆದ್ರೆ ಗಾಡಿ ಬಾಗಿಲಿಗೆ ಬಿದ್ದಿರುತ್ತೆ. ಅಳಿಯಂದಿರೆ ಚೂರು ಇಳಿಸಿ ಅಂತ ಎಷ್ಟು ಸಲ ಕೇಳೋದು? ದಣಿದು ಬಂದಿರ್ತಾರೆ. ಬೀದೀಲಿ ಸಂಜೆ ಹೆಂಗಿರುತ್ತೆ ಅನ್ನೋದೇ ಮರ್ತುಹೋಗಿದೆ ನನಗೆ. ನಾನೂ ಇವರ ಜೊತೆ ಹೋಗ್ತೀನಿ."

 ನನಗೆ ನಾಚಿಕೆಯಾಗಿ, ಕೈಗೆ ಸಿಕ್ಕ ಇಕ್ಕಳ ಹಿಡಿದು ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿಕೊಂಡೆ.

ಪಿನ್ನು ತುಕ್ಕು ಹಿಡಿದು ಬಾಗಿತ್ತು. ನೆಟ್ಟಗೆ ಮಾಡಲು ಸಣ್ಣದೇನಾದರೂ ಬೇಕು ಅಂದೆ. ಅತ್ತೆ ತಲೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೊಟ್ಟರು. ಆಮೇಲೆ ಸ್ಪ್ರಿಂಗು. ಮೇನ್ ಸ್ಟ್ಯಾಂಡಿನ ಸ್ಪ್ರಿಂಗು ಎಷ್ಟು ಸಿಟ್ಟಿನದು ಅಂತ ಈ ಗ್ಯಾರೇಜಿನವನನ್ನೇ ಕೇಳಿ. ಕೊಕ್ಕೆ ತಪ್ಪಿದ್ದೇ ತಡ, ಅದು ನನ್ನ ಕಿವಿ ಸವರಿಕೊಂಡು, ನಡುಬಾಗಿಲು ದಾಟಿ, ಹಜಾರದಲ್ಲಿ ಎರಡು ಸುತ್ತು ಹೊಡೆದು, ಗೋಡೆ ಗಡಿಯಾರಕ್ಕೆ ಬಡಿಯಿತು. ಗಡಿಯಾರ ಪೂರ್ತಿ ಸೊಟ್ಟಗಾಯಿತು. ಹತ್ತೂ ಮುಕ್ಕಾಲು ಅಂತ ಓದಲು ನಾವೆಲ್ಲ ತಲೆ ವಾಲಿಸಬೇಕಾಯಿತು. ಮಾವ ಅದನ್ನು ನೋಡಿಯೂ ಸರಿಮಾಡಲು ಹೋಗಲಿಲ್ಲ. ಅವರು ಅತ್ತೆಯನ್ನೇ ನೋಡುತ್ತಿದ್ದರು.

ಸರಳು ಎಳೆದೆ. ಗಾಡಿ ಧಡ್ ಅಂತ ಕೆಳಗಿಳಿಯಿತು. ನಾನು ಅದರ ಕೆಳಗಿಂದ ಹೊರಳಿ ಈಚೆ ಬಂದಿದ್ದೆ, ಇಲ್ಲದಿದ್ದರೆ ಈ ಕಥೆ ಬೇರೆಯವರು ಹೇಳುತ್ತಿದ್ದರು. ಅತ್ತೆ, ಹೆಂಡತಿ, ನಾನು ಮೂವರೂ ಸೇರಿ ಗಾಡಿಯನ್ನು ಎತ್ತಿ, ನೆಟ್ಟ ಸ್ಟ್ಯಾಂಡಿನಿಂದ ಬಿಡಿಸಿ, ಹಜಾರಕ್ಕೆ ತಳ್ಳಿದೆವು. ಆಗ ನೋಡಬೇಕಿತ್ತು ಅತ್ತೆಯ ಕೈಯ ಬಲ. ನಾನು ನನ್ನ ಪಾಲು ಎತ್ತುವ ಮೊದಲೇ ಅವರು ತಮ್ಮ ಪಾಲು ಎತ್ತಿಯಾಗಿತ್ತು. ಬೀದಿಬಾಗಿಲು ತೆರೆಯಿತು. ಬಿಸಿಲು ಒಳಗೆ ಬಿತ್ತು. ಹೊರಗೆ ದರ್ಜಿ, ಅವನ ಹಿಂದೆ ಅರ್ಧ ಬೀದಿ. ಯಾರೋ ಚಪ್ಪಾಳೆ ಹೊಡೆದರು. ಅವರೆಲ್ಲ ಒಳಗೆ ಬಂದು ಗಾಡಿಯನ್ನು ಮತ್ತೆ ಸ್ಟ್ಯಾಂಡಿನ ಮೇಲಿಂದ ಎತ್ತಿ ಬೀದಿಗೆ ದಾಟಿಸಿದರು. ಸ್ಟ್ಯಾಂಡು ಮಾತ್ರ ಪ್ಯಾಸೇಜಿನ ನಡುವೆ, ಎರಡು ಕಾಲ ಮೇಲೆ, ಏನನ್ನೂ ಹೊರದೆ ನಿಂತಿತ್ತು.

ಮಾವ ಸಮ ನೋಡುವ ತಮ್ಮ ರಸಮಟ್ಟ ತಂದು ಅದರ ಮೇಲಿಟ್ಟರು. ಗುಳ್ಳೆ ನಡುವೆ ಬಂದು ನಿಂತಿತು.

"ನೋಡಿ. ಈಗಲೂ ಸಮ ಇದೆ," ಅಂದರು. ಯಾರಿಗೆ ಅಂದರೋ.

ಹೆಂಡತಿ ಗಂಟು ಹಿಡಿದು ನನ್ನ ಹಿಂದೆ, ಅತ್ತೆ ಅವಳ ಹಿಂದೆ. ಒಂದು ಗಾಡಿಯ ಮೇಲೆ ಮೂವರು. ತಪ್ಪು ಅಂತ ನನಗೂ ಗೊತ್ತು. ಅತ್ತೆ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಮುಂದಿನ ತಿರುವಿನಲ್ಲಿ ಮಾತ್ರ, "ಒಲೆ ಆರಿಸಿದ್ದೆ ತಾನೆ?" ಅಂತ ಕೇಳಿದರು. ಆರಿಸಿದ್ದರು.

ಇಸ್ತ್ರಿ ಯಜಮಾನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದ. ಪಕ್ಕದಲ್ಲಿ ಇನ್ನೊಬ್ಬ ಕೈಚಾಚಿ ನಿಂತಿದ್ದ. ನಾನು ಗಾಡಿ ನಿಲ್ಲಿಸಿ ಸೈಡ್ ಸ್ಟ್ಯಾಂಡ್ ಹಾಕಿದೆ.

"ಇಬ್ಬರು ಅಂದಿದ್ರಿ," ಅಂದ ಯಜಮಾನ, ಅತ್ತೆಯನ್ನು ನೋಡಿ.

"ಒಬ್ಬರು ಸಂಜೆ ಹೊತ್ತು ಮನೇಲಿರಲ್ಲ ಸಾರ್," ಅಂದೆ.

ಆತ ಬಗ್ಗಿ ಗಾಡಿಯ ಹೊಟ್ಟೆಯ ಕೆಳಗೆ ನೋಡಿದ. "ಮೇನ್ ಸ್ಟ್ಯಾಂಡ್ ಎಲ್ಲಿ?"

"ನಿಮ್ಮ ಟೈಲ್ಸ್ ನೆನೆಸ್ಕೊಂಡು ಕಿತ್ತಾಕಿ ಬಂದ್ವಿ."

ಆ ಮನುಷ್ಯ ಕೈಚಾಚಿದವನನ್ನು ಪಕ್ಕಕ್ಕೆ ಸರಿಸಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟ. ಇಂಥ ಬಾಡಿಗೆದಾರ ಇನ್ನು ಹುಟ್ಟಬೇಕು ಅಂದ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಮೂವರೂ ಸೇರಿ ಎರಡು ಕೋಣೆ ಗುಡಿಸಿದೆವು. ಸಂಜೆ ಅತ್ತೆ ಸುಮ್ಮನೆ ಬೀದಿಗೆ ಹೋಗಿ, ಆ ತುದಿಯಿಂದ ಈ ತುದಿಗೆ ನಡೆದು ಬಂದರು. ಅವರ ಹಿಂದೆಯೇ ಮೆಟ್ಟಿಲ ಮೇಲೆ ಸದ್ದು. ನೋಡಿದರೆ ಮಾವ. ಒಂದು ಕೈಯಲ್ಲಿ ಹಸಿರು ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಹಾಸಿಗೆಸುರುಳಿ, ಕಂಕುಳಲ್ಲಿ ರಸಮಟ್ಟ.

"ಚಿಲಕ ಇಲ್ಲದ ಮನೇಲಿ ಒಬ್ಬನೇ ಹೆಂಗೆ ಮಲಗೋದು?" ಅಂದರು.

"ಚಿಲಕ ಹಾಕಿಸಬಹುದಿತ್ತಲ್ಲ ಮಾವ?"

"ಭಾನುವಾರ ಬಡಗಿ ಸಿಗಲ್ಲ."

ಸೋಮವಾರ ಬಡಗಿ ಸಿಕ್ಕ. ಮಾವ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಅತ್ತೆ ಒಂದು ತಟ್ಟೆ ಹೆಚ್ಚು ಇಟ್ಟರು, ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಮಾವನಿಗೆ ನಿದ್ದೆ ಬರುತ್ತಿಲ್ಲ. ಈ ಮನೆಯ ಬಾಗಿಲಿಗೆ ಚಿಲಕ ಇದೆ, ಅದೂ ಮೇಲೊಂದು ಕೆಳಗೊಂದು, ಎರಡೂ ಹೊಸವು. ಮಾವ ಎರಡನ್ನೂ ಅಲ್ಲಾಡಿಸಿ ನೋಡಿದರು.

"ಇದು ಬರೀ ಕಬ್ಬಿಣ ಅಳಿಯಂದ್ರೆ. ಬಾಗಿಲಿಗೆ ಬೇಕಾಗಿರೋದು ಭಾರ."

"ಗಾಡಿ ಮೇಲೆ ತರೋಕಾಗಲ್ಲ ಮಾವ. ತಂದ್ರೂ ಸೈಡ್ ಸ್ಟ್ಯಾಂಡ್ ಮೇಲೆ ವಾಲಿರುತ್ತೆ."

"ವಾಲಿರೋದು ಬೇಡ," ಅಂದರು ಮಾವ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾ. ಮಾರನೆಯ ದಿನ ರಿಪೇರಿಗೆ ಬಂದ ಮೂಟೆ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿದರು. ಮುಳ್ಳು ನೋಡಿದರು. ನನ್ನ ಹೆಂಡತಿಯೂ ನೋಡಿದಳು.

"ಗಾಡಿಗಿಂತ ಕಡಿಮೆ," ಅಂದರು ಮಾವ. "ಆದ್ರೆ ಊಟ ಆದ್ಮೇಲೆ ಪರವಾಗಿಲ್ಲ."

ಹೌದು ಸಾರ್. ಈಗ ಬಾಗಿಲಿಗೆ ಅಡ್ಡಲಾಗಿ ಮಲಗುವವನು ನಾನು. ಚಾಪೆಯನ್ನು ಗೋಡೆಗೆ ಸಮವಾಗಿ ಹಾಸಿಕೊಡುತ್ತಾರೆ, ನಾನು ಮಲಗಿದ ಮೇಲೆ ನನ್ನ ಭುಜದ ಮೇಲೆ ರಸಮಟ್ಟ ಇಟ್ಟು ನೋಡುತ್ತಾರೆ. ಒಂದು ಕಡೆಗೆ ಹೊರಳಿದರೆ ಎಬ್ಬಿಸುತ್ತಾರೆ. ಅತ್ತೆ ಮಾತ್ರ ಆರಾಮ. ದಿನಾ ಸಂಜೆ ಬಸ್ಸು ಹಿಡಿದು ಅಕ್ಕನ ಮನೆಗೆ ಹೋಗುತ್ತಾರೆ, ಬೇಕಾದಾಗ ಬರುತ್ತಾರೆ, ಅವರು ಬರುವವರೆಗೆ ನಾನು ಚಾಪೆ ಸುತ್ತಿಕೊಂಡು ಕಾಯುತ್ತೇನೆ. ಬೆಳಿಗ್ಗೆ ಹೆಂಡತಿ ನನ್ನನ್ನು ದಾಟಿ ಹೋಗಲಾರದೆ ಕಾಲಿನಿಂದ ಮೆಲ್ಲಗೆ ನೂಕುತ್ತಾಳೆ. ಮುಂದಕ್ಕೆ, ಒಂದು ಗೇಣು.

ಮೊನ್ನೆ ಅವಳೇ ಹೇಳಿದಳು, "ರೀ, ಇದು ಬಿಟ್ಟು ಬೇರೆ ಮನೆ ನೋಡೋಣ." ನೋಡಿದೆವು. ಸಿಕ್ಕಿತು ಕೂಡ. ಗಾಳಿ ಬೆಳಕು ಎಲ್ಲ ಚೆನ್ನಾಗಿದೆ, ಆದರೆ ಆ ಮನೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅಂಥ ಬಾಗಿಲಿಗೆ ಒಳಗೆ ಅಡ್ಡ ಮಲಗಿ ಏನು ಪ್ರಯೋಜನ? ನಾನು ಖುಷಿಯಿಂದ ಓಡಿಹೋಗಿ ಮಾವನಿಗೆ ಹೇಳಿದೆ. ಮಾವ ತಕ್ಕಡಿಯ ತಟ್ಟೆ ಕೆಳಗಿಟ್ಟರು, ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ತೂಗಿ ನೋಡಿದರು, ಆಮೇಲೆ ಏನಂದರು ಅಂತೀರಿ? "ಅದಕ್ಕೇನಂತೆ, ಬಾಗಿಲು ಹೊರಕ್ಕೆ ತೆರೆಯೋದಾದ್ರೆ ಅಳಿಯಂದ್ರು ಮಲಗಬೇಕಾದ್ದು ಒಳಗಲ್ಲ, ಹೊರ..."

ಸಾರ್? ಎಲ್ಲಿಗೆ ಹೊರಟಿರಿ? ಅವನು ಇನ್ನೂ ಆಯಿಲ್ ಹಾಕೇ ಇಲ್ಲ ಸಾರ್, ಹಳೇದನ್ನ ಬರೀ ಸುರಿದಿದಾನೆ, ಹಂಗೇ ಸ್ಟಾರ್ಟ್ ಮಾಡಿದ್ರೆ ನಿಮ್ಮ ಎಂಜಿ...